ಮಕ್ಕಳಿಗೆ ಪುರಾಣ ಮತ್ತು ಸಂಸ್ಕೃತಿಯ ಪುಸ್ತಕಗಳು: ಮೂರನೆಯ ವರ್ಷದಿಂದ ಹದಿನಾರರವರೆಗೆ ಒಂದು ಓದಿನ ದಾರಿ

ವಾಲ್ಮೀಕಿ ರಾಮಾಯಣದಲ್ಲಿ ಸುಮಾರು 24,000 ಶ್ಲೋಕಗಳಿವೆ, ಮಹಾಭಾರತ 18 ಪರ್ವಗಳಲ್ಲಿ ಹರಡಿಕೊಂಡಿದೆ, ಭಾಗವತಕ್ಕೆ 12 ಸ್ಕಂಧಗಳಿವೆ. ಮಗುವಿನ ಕೈಗೆ ಬರುವ ಮೂವತ್ತು ಪುಟಗಳ ಬಣ್ಣದ ಪುಸ್ತಕದಲ್ಲಿ ಇವುಗಳ ಬಹಳ ಸಣ್ಣ ಭಾಗವಷ್ಟೇ ಇರುತ್ತದೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು, ಯಾರನ್ನು ಒಳ್ಳೆಯವರೆಂದು ಚಿತ್ರಿಸಬೇಕು ಎಂಬುದನ್ನು ಪುಸ್ತಕ ಮಾಡಿದವರು ಆಗಲೇ ತೀರ್ಮಾನಿಸಿರುತ್ತಾರೆ. ಆದ್ದರಿಂದ ಮಕ್ಕಳಿಗೆ ಪುರಾಣವನ್ನು ಪರಿಚಯಿಸಲು ಹೊರಟ ತಂದೆತಾಯಿಗಳು, ಅಜ್ಜ ಅಜ್ಜಿಯರು, ಶಿಕ್ಷಕರು ಯಾವ ಪುಸ್ತಕ ಚೆನ್ನಾಗಿದೆ ಎಂದು ಕೇಳುವ ಮೊದಲು ಯಾವ ವಯಸ್ಸಿನಲ್ಲಿ ಯಾವ ಕಥೆ, ಯಾರ ಬಾಯಿಂದ, ಯಾವುದರ ನಂತರ ಯಾವುದು ಎಂಬ ಕ್ರಮವನ್ನು ಯೋಚಿಸಬೇಕು. ಆ ಕ್ರಮದ ಕೊನೆಯಲ್ಲಿ ಮಗುವಿಗೆ ಒಂದು ವಿಷಯ ಸ್ಪಷ್ಟವಾಗಿರಬೇಕೆಂದು ನಾನು ಬಲವಾಗಿ ನಂಬಿದ್ದೇನೆ: ನಮ್ಮ ಕಥೆಗಳನ್ನು ಅನೇಕರು ಅನೇಕ ರೀತಿಯಲ್ಲಿ ಹೇಳಿದ್ದಾರೆ, ಹಾಗೆ ಹೇಳುವ ಹಕ್ಕು ಓದುವವರಿಗೂ ಇದೆ.

ಮೊದಲ ಹಂತ: ಹಿರಿಯರು ಮೊದಲು ಓದಬೇಕು

ಮಗುವಿಗೆ ಪುಸ್ತಕ ತರುವ ಮೊದಲು ಮನೆಯ ಹಿರಿಯರೊಬ್ಬರು ಕಥೆಯನ್ನು ವಿಸ್ತಾರವಾಗಿ ಓದಿಕೊಂಡಿರುವುದು ಅಗತ್ಯ. ಮಹಾಭಾರತಕ್ಕೆ ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ಕ್ಕಿಂತ ಒಳ್ಳೆಯ ಆರಂಭ ಕನ್ನಡದಲ್ಲಿ ಇಲ್ಲವೆಂದೇ ನನ್ನ ಅಭಿಪ್ರಾಯ. ಒಂದೇ ಸಂಪುಟದಲ್ಲಿ, ತಿಳಿಯಾದ ಗದ್ಯದಲ್ಲಿ, ವ್ಯಾಸರ ಕಥೆಯ ನಡಿಗೆಯನ್ನು ಕೆಡಿಸದೆ ಅದು ಹೇಳುತ್ತದೆ, ಗಟ್ಟಿಯಾಗಿ ಓದಿದರೂ ಅದರ ವಾಕ್ಯಗಳು ಎಡವುವುದಿಲ್ಲ. ರಾಮಾಯಣಕ್ಕೆ ವಿದ್ವಾನ್ ಎನ್. ರಂಗನಾಥಶರ್ಮರ ಕನ್ನಡ ಅನುವಾದವಿದೆ. ಎಲ್ಲವನ್ನೂ ಮುಗಿಸಿದ ಮೇಲೆಯೇ ಮಗುವಿನ ಮುಂದೆ ಕೂರಬೇಕೆಂದಿಲ್ಲ. ಮಗುವಿಗೆ ಹೇಳಲಿರುವ ಭಾಗವನ್ನು ಹಿಂದಿನ ವಾರ ಓದಿಕೊಂಡರೂ ಸಾಕು.

ಇದರ ಪ್ರಯೋಜನ ಮಗುವಿನ ಮೊದಲ ಪ್ರಶ್ನೆಯಲ್ಲೇ ತಿಳಿಯುತ್ತದೆ. ಪಂಚವಟಿಯಲ್ಲಿ ಲಕ್ಷ್ಮಣ ಗೆರೆ ಎಳೆದದ್ದು ಪ್ರತಿಯೊಂದು ಮಕ್ಕಳ ಪುಸ್ತಕದಲ್ಲಿಯೂ ಇರುತ್ತದೆ, ಆದರೆ ವಾಲ್ಮೀಕಿಯ ಅರಣ್ಯಕಾಂಡದ ಆ ಸಂದರ್ಭದಲ್ಲಿ ಆ ಗೆರೆ ಇಲ್ಲ. ಸೇತುವೆ ಕಟ್ಟುವಾಗ ನೆರವಾದ ಅಳಿಲು ಮಕ್ಕಳಿಗೆ ಅತ್ಯಂತ ಪ್ರಿಯವಾದದ್ದು, ಅದೂ ವಾಲ್ಮೀಕಿಯಲ್ಲಿ ಸಿಗುವುದಿಲ್ಲ. ಮಯಸಭೆಯಲ್ಲಿ ಜಾರಿಬಿದ್ದ ದುರ್ಯೋಧನನನ್ನು ಕುರುಡನ ಮಗನೆಂದು ದ್ರೌಪದಿ ಹಂಗಿಸಿದಳೆಂಬ ಮಾತನ್ನು ದೂರದರ್ಶನದ ಧಾರಾವಾಹಿಯ ನಂತರ ಎಲ್ಲರೂ ಸತ್ಯವೆಂದೇ ತಿಳಿದಿದ್ದಾರೆ. ಪುಣೆಯ ಭಂಡಾರಕರ್ ಸಂಸ್ಥೆ ಹಲವು ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ಮಹಾಭಾರತದ ಸಂಶೋಧಿತ ಆವೃತ್ತಿಯಲ್ಲಿ ಅವಳ ಬಾಯಿಂದ ಆ ಮಾತು ಬರುವುದಿಲ್ಲ. ಇದನ್ನು ತಿಳಿದವರು ಅಳಿಲಿನ ಕಥೆಯನ್ನು ಬಿಡಬೇಕಾಗಿಲ್ಲ, ಪ್ರೀತಿಯಿಂದಲೇ ಹೇಳಬಹುದು. ಆದರೆ ಕೌರವರ ನಾಶಕ್ಕೆ ಒಬ್ಬ ಹೆಂಗಸಿನ ನಗೆ ಕಾರಣವೆಂದು ಬರೆದಿರುವ ಪುಸ್ತಕವನ್ನು ಮಗಳ ಕೈಗೆ ಕೊಡಬೇಕೇ ಬೇಡವೇ ಎಂದು ನಿರ್ಧರಿಸುವ ಶಕ್ತಿ ಅವರಿಗೆ ಬಂದಿರುತ್ತದೆ.

ಎರಡನೆಯ ಹಂತ: ಮೂರರಿಂದ ಐದು ವರ್ಷ, ಕಿವಿಯ ಓದು

ಈ ವಯಸ್ಸಿನಲ್ಲಿ ಪುಸ್ತಕವೆಂದರೆ ಹಿರಿಯರ ತೊಡೆ ಮತ್ತು ಧ್ವನಿ. ಪುಟಕ್ಕೊಂದು ದೊಡ್ಡ ಚಿತ್ರ, ಒಂದೆರಡು ಸಾಲು ಬರಹ, ಹರಿಯದ ಹಾಳೆ ಇದ್ದರೆ ಸಾಕು. ಇಡೀ ಕಥೆಯಲ್ಲಿ ಮೂರು ನಾಲ್ಕು ಹೆಸರುಗಳಿಗಿಂತ ಹೆಚ್ಚು ಇರಬಾರದು. ಬೆಣ್ಣೆ ಕದಿಯುವ ಕೃಷ್ಣ, ಮಣ್ಣು ತಿಂದು ಬಾಯಿ ತೆರೆದಾಗ ಯಶೋದೆಗೆ ಬ್ರಹ್ಮಾಂಡವನ್ನು ತೋರಿಸಿದ ಕೃಷ್ಣ, ತಂದೆತಾಯಿಯರನ್ನು ಸುತ್ತಿಬಂದು ಗೆದ್ದ ಗಣಪ, ಸೂರ್ಯನನ್ನು ಹಣ್ಣೆಂದು ತಿಳಿದು ಹಾರಿದ ಹನುಮ ಈ ವಯಸ್ಸಿಗೆ ಹೊಂದುತ್ತಾರೆ. ಪೂತನಿಯ ಕಥೆ ಇನ್ನೂ ಎರಡು ವರ್ಷ ಕಾಯಲಿ. ಹಾಲು ಕೊಡುವವಳೇ ವಿಷ ಕೊಡುತ್ತಾಳೆಂಬುದು ಮೂರರ ಮಗುವಿಗೆ ನಿದ್ದೆಯಲ್ಲಿಯೂ ಕಾಡುವ ಸಂಗತಿ.

ಓದುವುದು ಹೇಗೆ ಎಂಬುದಕ್ಕೆ ಸರಳವಾದ ಕ್ರಮವಿದೆ. ಮೊದಲ ಬಾರಿ ಪುಸ್ತಕವನ್ನು ಬದಿಗಿಟ್ಟು ಕಥೆಯನ್ನು ಮನೆಯ ಮಾತಿನಲ್ಲಿ ಹೇಳಬೇಕು, ಎರಡನೆಯ ಬಾರಿ ಚಿತ್ರ ತೋರಿಸುತ್ತಾ ಹೇಳಬೇಕು, ಮೂರನೆಯ ಬಾರಿ ಅಲ್ಲಿರುವ ಸಾಲುಗಳನ್ನು ಓದಬೇಕು. ಅಷ್ಟು ಹೊತ್ತಿಗೆ ಮಗುವಿಗೆ ಮುಂದೇನಾಗುತ್ತದೆಂದು ಗೊತ್ತಿರುತ್ತದೆ. ವಾಕ್ಯದ ಕೊನೆಯ ಮಾತನ್ನು ಅದಕ್ಕೇ ಬಿಟ್ಟುಕೊಟ್ಟರೆ ತಾನೇ ಓದಿದಷ್ಟು ಸಂತೋಷಪಡುತ್ತದೆ. ಒಂದೇ ಕಥೆಯನ್ನು ತಿಂಗಳುಗಟ್ಟಲೆ ಕೇಳಿದರೂ ಬೇಸರಪಡಬಾರದು, ಹೊಸದನ್ನು ತಂದು ಹಳೆಯದನ್ನು ಮರೆಸಲೂಬಾರದು.

ಕನ್ನಡದ ಮನೆಗಳಿಗೆ ಇಲ್ಲಿ ಒಂದು ಭಾಗ್ಯವಿದೆ. ಗೋವಿನ ಹಾಡು ಪದ್ಯವಾಗಿರುವುದರಿಂದ ಪುಸ್ತಕ ಮುಚ್ಚಿದ ಮೇಲೂ ಬಾಯಲ್ಲಿ ಉಳಿಯುತ್ತದೆ. ಚಿತ್ರಗಳೊಂದಿಗೆ ಅದು ಹಲವು ರೂಪಗಳಲ್ಲಿ ಸಿಗುತ್ತದೆ. ಪುಣ್ಯಕೋಟಿ ಕರುವನ್ನು ಬೀಳ್ಕೊಡುವಲ್ಲಿ ಬಹಳ ಮಕ್ಕಳು ಅಳುತ್ತಾರೆ, ಹುಲಿ ಪ್ರಾಣ ಬಿಡುವಲ್ಲಿ ಇನ್ನೊಮ್ಮೆ ಅಳುತ್ತಾರೆ. ಆ ಅಳುವಿಗೆ ಹೆದರಿ, ಹುಲಿಯೂ ಹಸುವೂ ಸ್ನೇಹಿತರಾದರೆಂದು ಕೊನೆಯನ್ನು ಬದಲಿಸಿದ ಪುಸ್ತಕವನ್ನು ತರಬೇಡಿ. ಕೊಟ್ಟ ಮಾತಿಗೆ ಎಷ್ಟು ತೂಕವಿದೆ ಎಂಬುದು ಮಗುವಿಗೆ ತಿಳಿಯುವುದು ಆ ಅಳುವಿನಲ್ಲಿಯೇ. ಮಗು ಅಳುವಾಗ ಪಕ್ಕದಲ್ಲಿ ಇರುವುದಷ್ಟೇ ಹಿರಿಯರ ಕೆಲಸ.

ಮೂರನೆಯ ಹಂತ: ಆರರಿಂದ ಎಂಟು ವರ್ಷ, ರಾತ್ರಿಗೊಂದು ಕಥೆ

ಮಗು ಅಕ್ಷರ ಕೂಡಿಸಿ ಓದಲು ಕಲಿತ ಕೂಡಲೇ ಗಟ್ಟಿ ಓದನ್ನು ನಿಲ್ಲಿಸುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಅದರ ಕಣ್ಣು ಓದಬಲ್ಲ ಪುಸ್ತಕಕ್ಕಿಂತ ಕಿವಿ ಗ್ರಹಿಸಬಲ್ಲ ಪುಸ್ತಕ ಎಷ್ಟೋ ದೊಡ್ಡದು. ಹತ್ತು ವರ್ಷದವರೆಗಾದರೂ ರಾತ್ರಿ ಅರ್ಧ ಗಂಟೆ ಹಿರಿಯರು ಓದಿ ಹೇಳುವ ಅಭ್ಯಾಸ ಉಳಿಯಬೇಕು. ಮಗು ತಾನೇ ಓದುವ ಸಣ್ಣ ಪುಸ್ತಕಗಳು ಹಗಲಿಗಿರಲಿ.

ಈ ವಯಸ್ಸಿಗೆ ಬೇಕಾದದ್ದು ಒಂದೇ ಕೂರಿಕೆಯಲ್ಲಿ ಮುಗಿಯುವ, ಮಕ್ಕಳೇ ಕಥೆಯ ನಡುವೆ ಇರುವ ಕಥೆಗಳು. ಧ್ರುವ, ಪ್ರಹ್ಲಾದ, ಮಾರ್ಕಂಡೇಯ ಎಲ್ಲರಿಗೂ ನೆನಪಾಗುತ್ತಾರೆ. ಉಪನಿಷತ್ತಿನ ಮಕ್ಕಳನ್ನು ಮಾತ್ರ ಮರೆತುಬಿಡುತ್ತೇವೆ. ಕಠೋಪನಿಷತ್ತಿನ ನಚಿಕೇತ ಯಮನ ಮನೆಬಾಗಿಲಲ್ಲಿ ಮೂರು ರಾತ್ರಿ ಕಾಯುತ್ತಾನೆ, ಯಮ ಒಡ್ಡಿದ ಸಿರಿಸಂಪತ್ತನ್ನು ಬೇಡವೆಂದು ತನ್ನ ಪ್ರಶ್ನೆಯನ್ನೇ ಹಿಡಿದು ನಿಲ್ಲುತ್ತಾನೆ. ಛಾಂದೋಗ್ಯದ ಸತ್ಯಕಾಮ ತನ್ನ ಗೋತ್ರ ಗೊತ್ತಿಲ್ಲವೆಂದು, ತಾಯಿ ಜಬಾಲೆ ಹೇಳಿದ್ದನ್ನು ಹಾಗೆಯೇ ಗುರುವಿನ ಮುಂದೆ ಹೇಳುತ್ತಾನೆ. ಸತ್ಯವನ್ನು ಬಿಡಲಿಲ್ಲವೆಂಬ ಕಾರಣಕ್ಕೇ ಗೌತಮರು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸುತ್ತಾರೆ. ಇದರಲ್ಲಿ ಯುದ್ಧವಿಲ್ಲ, ರಾಕ್ಷಸರಿಲ್ಲ, ಆದರೂ ಏಳು ವರ್ಷದ ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಾರೆ.

ಇದರೊಂದಿಗೆ ಪಂಚತಂತ್ರ, ಜಾತಕ ಕಥೆಗಳು, ಕಥಾಸರಿತ್ಸಾಗರದ ಕಥೆಗಳು ಸೇರಲಿ. ಪಂಚತಂತ್ರವನ್ನು ದುರ್ಗಸಿಂಹ 11ನೇ ಶತಮಾನದಲ್ಲಿಯೇ ಕನ್ನಡಕ್ಕೆ ತಂದಿದ್ದಾನೆ. ಹಾಗೆಯೇ ಕನಕದಾಸರ ರಾಮಧಾನ್ಯಚರಿತೆಯ ಸರಳ ಗದ್ಯರೂಪ ಎಲ್ಲಿ ಸಿಕ್ಕರೂ ಬಿಡಬೇಡಿ. ಲಂಕೆಯಿಂದ ಹಿಂದಿರುಗುವ ರಾಮನ ಮುಂದೆ ಅಕ್ಕಿ ಮತ್ತು ರಾಗಿ ತಮ್ಮಲ್ಲಿ ಯಾರು ದೊಡ್ಡವರೆಂದು ಜಗಳವಾಡುತ್ತವೆ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ, ಅಕ್ಕಿ ಸೊರಗಿ ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಬೆಳಗ್ಗೆ ಅಂಬಲಿ ಕುಡಿದ, ಮಧ್ಯಾಹ್ನ ಅನ್ನ ಉಂಡ ಮಗುವಿಗೆ ಈ ಕಥೆ ಎಷ್ಟು ಹತ್ತಿರ ಎಂಬುದನ್ನು ಹೇಳಬೇಕಾಗಿಲ್ಲ. ಬಡವರ ಧಾನ್ಯವನ್ನು ಕೀಳಾಗಿ ಕಂಡವರಿಗೆ ಒಬ್ಬ ದಾಸರು ಕೊಟ್ಟ ಉತ್ತರ ಅದರೊಳಗಿದೆ ಎಂಬುದು ಮಗು ಬೆಳೆದಂತೆ ತಿಳಿಯುತ್ತದೆ.

ಕೊಳ್ಳುವ ಮೊದಲು ಅಂಗಡಿಯಲ್ಲೇ ಒಂದು ಪುಟವನ್ನು ಗಟ್ಟಿಯಾಗಿ ಓದಿ ನೋಡಿ. ವಾಕ್ಯ ನಾಲಿಗೆಗೆ ತೊಡಕಾದರೆ ಮಗುವಿನ ಕಿವಿಗೂ ತೊಡಕೇ. ರಾಮ, ಅರ್ಜುನ, ಲಕ್ಷ್ಮಣ ಎಂಬ ಹೆಸರುಗಳು ರಾಮ್, ಅರ್ಜುನ್, ಲಕ್ಷ್ಮಣ್ ಎಂದಾಗಿದ್ದರೆ ಆ ಪುಸ್ತಕವನ್ನು ಹಿಂದಿಯಿಂದಲೋ ಇಂಗ್ಲಿಷಿನಿಂದಲೋ ಅವಸರದಲ್ಲಿ ಕನ್ನಡಕ್ಕೆ ತಂದಿದ್ದಾರೆಂದು ತಿಳಿಯಬಹುದು. ಚಿತ್ರಗಳಲ್ಲಿ ರಾಕ್ಷಸರೆಲ್ಲ ಕಪ್ಪಗೆ, ಒಳ್ಳೆಯವರೆಲ್ಲ ಬೆಳ್ಳಗೆ ಇದ್ದರೆ ಅದನ್ನು ಅಲ್ಲಿಯೇ ಇಟ್ಟು ಬನ್ನಿ. ರಾಮನೂ ಕೃಷ್ಣನೂ ಶ್ಯಾಮಲವರ್ಣದವರು, ದ್ರೌಪದಿಯ ಹೆಸರೇ ಕೃಷ್ಣೆ. ಪ್ರತಿ ಪುಟದ ಕೊನೆಯಲ್ಲಿ ನೀತಿಯನ್ನು ದಪ್ಪಕ್ಷರದಲ್ಲಿ ಅಚ್ಚುಮಾಡಿದ ಪುಸ್ತಕವೂ ಬೇಡ. ಅದನ್ನು ಕಂಡ ಮಕ್ಕಳು ಕಥೆಯನ್ನು ಪಾಠವೆಂದು ಭಾವಿಸಿ ದೂರ ಸರಿಯುತ್ತಾರೆ.

ಒಳ್ಳೆಯ ಪುಸ್ತಕಗಳಿಗೆ ಬಹಳ ಹಣ ಬೇಕಾಗಿಲ್ಲ. ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳು ಕನ್ನಡದಲ್ಲಿ ಅಗ್ಗದ ಬೆಲೆಗೆ ಸಿಗುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಂಡು ಮುದ್ರಿಸಿಕೊಳ್ಳಲೂಬಹುದು. ಚೆನ್ನೈನ ತೂಲಿಕಾ ಪ್ರಕಾಶನ ಒಂದೇ ಪುಟದಲ್ಲಿ ಇಂಗ್ಲಿಷ್ ಮತ್ತು ಕನ್ನಡ ಎರಡೂ ಇರುವ ಪುಸ್ತಕಗಳನ್ನು ತಂದಿದೆ.

ನಾಲ್ಕನೆಯ ಹಂತ: ಒಂಬತ್ತರಿಂದ ಹನ್ನೆರಡು ವರ್ಷ, ಇಡೀ ಕಥೆ

ಬಿಡಿ ಕಥೆಗಳನ್ನು ಕೇಳಿ ಬೆಳೆದ ಮಗುವಿಗೆ ಭೀಷ್ಮನೂ ಅಭಿಮನ್ಯುವೂ ಪರಸ್ಪರ ಏನಾಗಬೇಕೆಂಬುದು ತಿಳಿದಿರುವುದಿಲ್ಲ. ಈಗ ಇಡೀ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ವಾರಕ್ಕೆ ಒಂದು ನಿಗದಿತ ದಿನ, ಒಂದು ವರ್ಷದಷ್ಟು ಕಾಲ ಓದಬೇಕು. ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ, ಶಂತನುವಿನಿಂದ ಆರಂಭಿಸಿ ವಂಶವೃಕ್ಷವನ್ನು ಮಗುವೇ ಬರೆಯಲಿ. ಹೊಸ ಪಾತ್ರ ಬಂದಾಗಲೆಲ್ಲ ಒಂದು ಕೊಂಬೆ ಸೇರುತ್ತದೆ. ರಾಮಾಯಣ ಓದುವಾಗ ಭಾರತದ ಭೂಪಟವನ್ನು ಪಕ್ಕದಲ್ಲಿಟ್ಟು ಅಯೋಧ್ಯೆ, ಚಿತ್ರಕೂಟ, ನಾಸಿಕದ ಬಳಿಯ ಪಂಚವಟಿ, ಕಿಷ್ಕಿಂಧೆಯೆಂದು ಜನ ನಂಬಿರುವ ನಮ್ಮ ಆನೆಗೊಂದಿ, ರಾಮೇಶ್ವರ ಇವುಗಳನ್ನು ಗುರುತಿಸುತ್ತ ಹೋಗಬೇಕು. ರಾಮ ದಕ್ಷಿಣಕ್ಕೆ ನಡೆದ ದೂರ ಆಗ ಕಣ್ಣಿಗೆ ಕಾಣುತ್ತದೆ, ಹಾದಿಯಲ್ಲಿ ನಮ್ಮ ತುಂಗಭದ್ರೆಯೂ ಬರುತ್ತದೆ.

ಇದೇ ವಯಸ್ಸಿನಲ್ಲಿ ಮಕ್ಕಳು ಅಮರ ಚಿತ್ರಕಥೆಯನ್ನು ಹಿಡಿದರೆ ಬಿಡುವುದಿಲ್ಲ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ ಈ ಮಾಲೆ ಎಷ್ಟೋ ತಲೆಮಾರುಗಳಿಗೆ ಪುರಾಣದ ಮೊದಲ ಬಾಗಿಲಾಗಿದೆ, ಆ ಋಣ ದೊಡ್ಡದು. ಆದರೂ ಅದನ್ನು ಕೊನೆಯ ಮಾತೆಂದು ಬಿಟ್ಟುಬಿಡಬಾರದು. ಕೆಲವೇ ಪುಟಗಳ ಮಿತಿಯಲ್ಲಿ ಪಾತ್ರಗಳ ಅನುಮಾನ, ಹಿಂಜರಿಕೆ, ಪಶ್ಚಾತ್ತಾಪಗಳಿಗೆ ಜಾಗ ಸಿಗುವುದಿಲ್ಲ, ಹಳೆಯ ಸಂಚಿಕೆಗಳ ಚಿತ್ರಗಳಲ್ಲಿ ಮೈಬಣ್ಣದ ಮತ್ತು ಹೆಂಗಸರ ಚಿತ್ರಣದ ಪ್ರಶ್ನೆಗಳೂ ಇವೆ. ಮಗು ಒಂದು ಸಂಚಿಕೆಯನ್ನು ಮುಗಿಸಿದ ವಾರ ಅದೇ ಕಥೆಯನ್ನು ‘ವಚನಭಾರತ’ದಿಂದ ಓದಿ ಹೇಳಿ, ಚಿತ್ರಕಥೆಯಲ್ಲಿ ಏನು ಬಿಟ್ಟುಹೋಗಿದೆ ಎಂದು ಹುಡುಕಲು ಹೇಳಿದರೆ ಅದು ಇನ್ನಷ್ಟು ಆಸಕ್ತಿಯಿಂದ ಓದುತ್ತದೆ. 1949ರಿಂದ ಕನ್ನಡದಲ್ಲಿ ಹಲವು ದಶಕ ಬಂದ ಚಂದಮಾಮದ ಹಳೆಯ ಸಂಚಿಕೆಗಳು ಮನೆಯ ಅಟ್ಟದಲ್ಲಿ ಉಳಿದಿದ್ದರೆ ಧೂಳು ಕೊಡವಿ ಕೆಳಗಿಳಿಸಿ. ರಾಷ್ಟ್ರೋತ್ಥಾನ ಪರಿಷತ್ತು ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಹೊರತಂದ ಭಾರತ-ಭಾರತಿ ಮಾಲೆಯ 510 ಕಿರುಪುಸ್ತಕಗಳು ಮಗು ಒಂದೇ ಮಧ್ಯಾಹ್ನದಲ್ಲಿ ತಾನಾಗಿ ಓದಿ ಮುಗಿಸುವ ಗಾತ್ರದವು.

ಕುಮಾರವ್ಯಾಸನನ್ನು ಪರಿಚಯಿಸಬೇಕಾದದ್ದೂ ಈಗಲೇ. ಅರ್ಥ ಆಮೇಲೆ ಬರಲಿ, ಮೊದಲು ಲಯ ಬರಲಿ. ಅವನು ಬಳಸಿದ ಆರು ಸಾಲಿನ ಪದ್ಯಬಂಧವಾದ ಭಾಮಿನಿ ಷಟ್ಪದಿಯ ನಡೆ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು ಎಂದು ಸಾಗುತ್ತದೆ. ಮಕ್ಕಳು ಕೈತಟ್ಟಿ ಅದನ್ನು ಕೂಡಲೇ ಹಿಡಿಯುತ್ತಾರೆ. ಉತ್ತರಕುಮಾರ ಹೆಂಗಳೆಯರ ಮುಂದೆ ಬಡಾಯಿ ಕೊಚ್ಚಿ, ಕೌರವ ಸೇನೆಯನ್ನು ಕಂಡ ಕೂಡಲೇ ರಥದಿಂದ ಜಿಗಿದು ಓಡುವ ಪ್ರಸಂಗದಿಂದ ಆರಂಭಿಸಿದರೆ ಯಾವ ಮಗುವೂ ಬೇಡವೆನ್ನುವುದಿಲ್ಲ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರಂತಹ, ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳ ವಾಚನವನ್ನು ಕೇಳಿಸುತ್ತ, ಪುಸ್ತಕದಲ್ಲಿ ಸಾಲಿನ ಮೇಲೆ ಬೆರಳಿಟ್ಟು ಅನುಸರಿಸಲು ಹೇಳಿ. ದಿನಕ್ಕೆ ಎರಡು ಪದ್ಯ ಸಾಕು.

ಐದನೆಯ ಹಂತ: ಕಷ್ಟದ ಪ್ರಶ್ನೆಗಳು

ಒಂಬತ್ತು ಹತ್ತು ವರ್ಷಕ್ಕೆ ಮಕ್ಕಳು ಕೇಳಲು ತೊಡಗುತ್ತಾರೆ: ವಾಲಿಯನ್ನು ರಾಮ ಮರೆಯಲ್ಲಿ ನಿಂತು ಏಕೆ ಕೊಂದ? ಏಕಲವ್ಯನ ಬೆರಳನ್ನು ದ್ರೋಣರು ಕೇಳಿದ್ದು ನ್ಯಾಯವೇ? ಸೀತೆ ಏಕೆ ಬೆಂಕಿಗೆ ಇಳಿಯಬೇಕು? ಇಡೀ ಪರಿಚಯದ ಕೆಲಸ ಸಾರ್ಥಕವಾಗುವುದೂ ಕೆಡುವುದೂ ಇಲ್ಲಿಯೇ ಎಂಬುದರಿಂದ ಈ ಹಂತದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ದೊಡ್ಡವರ ವಿಷಯ ಪ್ರಶ್ನಿಸಬಾರದು ಎಂದು ಬಾಯಿ ಮುಚ್ಚಿಸಿದರೆ ಮಗು ಪ್ರಶ್ನೆಯನ್ನು ಬಿಡುವುದಿಲ್ಲ, ನಿಮ್ಮನ್ನು ಕೇಳುವುದನ್ನು ಬಿಡುತ್ತದೆ. ಎಲ್ಲವೂ ಲೀಲೆ ಎಂದು ತೇಲಿಸಿದರೂ ಹಾಗೆಯೇ ಆಗುತ್ತದೆ.

ಮಗು ಕೇಳುವ ಪ್ರಶ್ನೆಯನ್ನು ಮೂಲಕಾವ್ಯವೇ ಮೊದಲು ಕೇಳಿದೆ ಎಂಬುದನ್ನು ತೋರಿಸುವುದು ಒಳ್ಳೆಯ ದಾರಿ. ಕಿಷ್ಕಿಂಧಾಕಾಂಡದಲ್ಲಿ ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕಟುವಾಗಿ ಪ್ರಶ್ನಿಸುತ್ತಾನೆ, ವಾಲ್ಮೀಕಿ ಅವನ ಆಕ್ಷೇಪಕ್ಕೆ ಒಂದು ಪೂರ್ತಿ ಸರ್ಗವನ್ನೇ ಕೊಟ್ಟಿದ್ದಾನೆ. ಅದನ್ನೂ ಅದರ ಮುಂದಿನ ರಾಮನ ಉತ್ತರವನ್ನೂ ಓದಿ ಹೇಳಿ, ಯಾರ ಮಾತು ಸರಿಯೆನಿಸಿತು ಎಂದು ಮಗುವನ್ನೇ ಕೇಳಬೇಕು. ದ್ಯೂತಸಭೆಯಲ್ಲಿ ದ್ರೌಪದಿ, ಧರ್ಮರಾಜ ತನ್ನನ್ನು ತಾನು ಮೊದಲು ಸೋತನೋ ನನ್ನನ್ನು ಮೊದಲು ಸೋತನೋ ಎಂದು ಕೇಳುತ್ತಾಳೆ. ಭೀಷ್ಮನಂಥವನೂ ಧರ್ಮ ಸೂಕ್ಷ್ಮವೆಂದು ತಡವರಿಸುತ್ತಾನೆ, ಕೌರವರಲ್ಲಿಯೇ ಒಬ್ಬನಾದ ವಿಕರ್ಣ ಎದ್ದು ಅವಳ ಪರವಾಗಿ ಮಾತನಾಡುತ್ತಾನೆ. ವಿಕರ್ಣನ ಹೆಸರಿಲ್ಲದ ಮಕ್ಕಳ ಮಹಾಭಾರತವನ್ನು ಓದಿಸುವವರು ಆ ಭಾಗವನ್ನು ತಾವೇ ಸೇರಿಸಿ ಹೇಳಬೇಕು. ಯುದ್ಧ ಮುಗಿದ ಮೇಲೆ ಗಾಂಧಾರಿ ಕೃಷ್ಣನನ್ನೇ ಶಪಿಸುತ್ತಾಳೆ, ಕೃಷ್ಣ ಅದನ್ನು ಸ್ವೀಕರಿಸುತ್ತಾನೆ. ತಮ್ಮ ಕೋಪವನ್ನು ಈ ಕಾವ್ಯಗಳು ತಾಳಿಕೊಳ್ಳಬಲ್ಲವು ಎಂದು ಮಕ್ಕಳಿಗೆ ಗೊತ್ತಾದರೆ ಅವರು ಮುಂದೆಯೂ ಇವುಗಳ ಬಳಿ ಬರುತ್ತಾರೆ.

ಕನ್ನಡದ ಕವಿಗಳು ಈ ಪ್ರಶ್ನೆಗಳಿಗೆ ತಮ್ಮದೇ ಉತ್ತರ ಬರೆದಿದ್ದಾರೆ. ಕುವೆಂಪು ಅವರ ‘ಬೆರಳ್‌ಗೆ ಕೊರಳ್’ ನಾಟಕದಲ್ಲಿ ಏಕಲವ್ಯನೊಂದಿಗೆ ಅವನ ತಾಯಿಯೂ ಇದ್ದಾಳೆ. ಉತ್ತರಕಾಂಡದಲ್ಲಿ ತಪಸ್ಸು ಮಾಡಿದ್ದಕ್ಕಾಗಿ ರಾಮನಿಂದ ಹತನಾಗುವ ಶೂದ್ರ ಶಂಬೂಕನ ತಲೆ ‘ಶೂದ್ರ ತಪಸ್ವಿ’ ನಾಟಕದಲ್ಲಿ ಉರುಳುವುದಿಲ್ಲ, ಅವನ ತಪಸ್ಸನ್ನು ಪಾಪವೆಂದ ಬ್ರಾಹ್ಮಣನನ್ನೇ ರಾಮಬಾಣ ಅಟ್ಟಿಸಿಕೊಂಡು ಹೋಗಿ ಕಣ್ಣು ತೆರೆಸುತ್ತದೆ. ‘ಶ್ರೀರಾಮಾಯಣ ದರ್ಶನಂ’ನಲ್ಲಿ ಸೀತೆಯೊಂದಿಗೆ ರಾಮನೂ ಅಗ್ನಿಯನ್ನು ಪ್ರವೇಶಿಸುತ್ತಾನೆ. ಹನ್ನೆರಡರ ಮಗುವಿಗೆ ಇವುಗಳ ಭಾಷೆ ಕಠಿಣವಾದೀತು, ಕಥೆಯನ್ನು ಸರಳವಾಗಿ ಹೇಳಿ ಒಂದೆರಡು ಸಾಲು ಓದಿದರೂ ಸಾಕು. ಜಾತಿಯ ಕಾರಣಕ್ಕೆ ಏಕಲವ್ಯನಿಗೆ, ಕರ್ಣನಿಗೆ ಆದದ್ದು ಅನ್ಯಾಯವೆಂದು ಸ್ಪಷ್ಟವಾಗಿ ಹೇಳಲು ಹಿಂಜರಿಯಬಾರದು. ನಿಮ್ಮ ಮಗುವಿನ ತರಗತಿಯಲ್ಲಿ ಅದೇ ಬಗೆಯ ಅನ್ಯಾಯದ ನೆನಪು ಹೊತ್ತ ಮನೆಗಳಿಂದ ಬಂದ ಮಕ್ಕಳೂ ಕೂತಿರುತ್ತಾರೆ.

ಆರನೆಯ ಹಂತ: ಒಂದೇ ಕಥೆ, ಬೇರೆ ಬೇರೆ ನಿರೂಪಣೆ

ಒಂದು ಕಥೆಯನ್ನು ಚೆನ್ನಾಗಿ ತಿಳಿದ ಮೇಲೆ ಅದರ ಇನ್ನೊಂದು ರೂಪವನ್ನು ಕೊಡಬೇಕು. ಜೈನ ಕವಿ ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ, ಅಲ್ಲಿನ ರಾವಣ ಪಶ್ಚಾತ್ತಾಪ ಬಲ್ಲವನು. ಪಂಪ ತನ್ನ ‘ವಿಕ್ರಮಾರ್ಜುನ ವಿಜಯ’ವನ್ನು ಅರ್ಜುನನನ್ನೇ ನಾಯಕನನ್ನಾಗಿಸಿ ಬರೆದರೂ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಎಂದು ಹೇಳುತ್ತಾನೆ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಅರ್ಜುನ ತನ್ನ ಮಗ ಬಭ್ರುವಾಹನನಿಂದಲೇ ಸೋಲುತ್ತಾನೆ. ಚೆನ್ನೈನ ತಾರಾ ಬುಕ್ಸ್ ಪ್ರಕಟಿಸಿದ, ಬಂಗಾಳದ ಪಟುವಾ ಎಂಬ ಜನಪದ ಶೈಲಿಯ ಚಿತ್ರಗಳಿರುವ ಇಂಗ್ಲಿಷ್ ಪುಸ್ತಕವೊಂದು ರಾಮಾಯಣವನ್ನು ಸೀತೆಯ ದನಿಯಲ್ಲಿ ಹೇಳುತ್ತದೆ. ಎರಡು ನಿರೂಪಣೆಗಳನ್ನು ಓದಿದ ಮೇಲೆ ಮೂರನೆಯದನ್ನು ಮಗುವೇ ಬರೆಯಲಿ: ಊರ್ಮಿಳೆ ಹೇಳಿದರೆ ಹೇಗಿದ್ದೀತು, ಜಟಾಯು ಹೇಳಿದರೆ ಹೇಗಿದ್ದೀತು ಎಂದು. ತಪ್ಪು ತಿದ್ದಬೇಡಿ, ಚಿತ್ರ ಬರೆಸಿ ಹೊಲಿದು ಪುಸ್ತಕವಾಗಿ ಕಪಾಟಿನಲ್ಲಿಡಿ.

ಏಳನೆಯ ಹಂತ: ಪುಸ್ತಕದಿಂದ ಗೋಡೆಗೆ, ರಂಗಕ್ಕೆ

ಓದಿದ್ದನ್ನು ಕಲ್ಲಿನಲ್ಲಿ ನೋಡುವ ಅವಕಾಶ ಕರ್ನಾಟಕದಲ್ಲಿರುವಷ್ಟು ಬೇರೆಡೆ ಸುಲಭವಾಗಿ ಸಿಗದು. ತರೀಕೆರೆ ತಾಲ್ಲೂಕಿನ ಅಮೃತಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ದಕ್ಷಿಣದ ಗೋಡೆಯ ಮೇಲೆ 70 ಫಲಕಗಳಲ್ಲಿ ರಾಮಾಯಣವಿದೆ. ಕಥೆ ಅಪ್ರದಕ್ಷಿಣವಾಗಿ ಸಾಗುವುದರಿಂದ ಅದು ಎಲ್ಲಿ ಶುರುವಾಗುತ್ತದೆಂದು ಹುಡುಕುವುದೇ ಮಕ್ಕಳಿಗೆ ಒಂದು ಆಟ. ಉತ್ತರದ ಗೋಡೆಯಲ್ಲಿ ಕೃಷ್ಣನ ಕಥೆಯ 25 ಮತ್ತು ಮಹಾಭಾರತದ 45 ಫಲಕಗಳಿವೆ. ಹಂಪಿಯ ಹಜಾರರಾಮ ದೇವಾಲಯದ ಗೋಡೆಗಳಲ್ಲಿ ರಾಮಾಯಣ ಮೂರು ಸಾಲುಗಳಲ್ಲಿ ಸುತ್ತುತ್ತದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ, 578ರ ಶಾಸನವಿರುವಲ್ಲಿ, ವರಾಹನೂ ತ್ರಿವಿಕ್ರಮನೂ ನಿಂತಿದ್ದಾರೆ. ಹೊರಡುವ ವಾರ ಸಂಬಂಧಪಟ್ಟ ಕಥೆಯನ್ನು ಓದಿ, ಪುಸ್ತಕವನ್ನು ಜೊತೆಗೇ ಒಯ್ದು, ಗೋಡೆಯ ಮುಂದೆ ನಿಂತು ಮಗುವೇ ನಿಮಗೆ ಕಥೆ ಹೇಳುವಂತೆ ಬಿಡಬೇಕು. ಮಾರ್ಗದರ್ಶಿಯ ಮಾತು ಆಮೇಲೆ ಕೇಳಿದರಾಯಿತು.

ಯಕ್ಷಗಾನಕ್ಕೆ ಕರೆದೊಯ್ಯುವಾಗಲೂ ಇದೇ ಕ್ರಮ ಸರಿ. ಪ್ರಸಂಗದ ಕಥೆ ಮೊದಲೇ ತಿಳಿದಿದ್ದರೆ ಮಗು ನಿದ್ದೆಗೆಡುವುದು ವೇಷಕ್ಕಾಗಿ ಮಾತ್ರವಾಗಿರುವುದಿಲ್ಲ, ಪಾತ್ರದ ಮಾತನ್ನು ಸ್ಥಳದಲ್ಲೇ ಕಟ್ಟಿ ಆಡುವ ಅರ್ಥಧಾರಿ ಪುಸ್ತಕದಲ್ಲಿಲ್ಲದ ಯಾವ ವಾದ ಹೂಡುತ್ತಾನೆಂದು ಕಾಯುತ್ತದೆ. ದಸರೆಗೆ ಬೊಂಬೆ ಕೂರಿಸುವ ಮನೆಗಳಲ್ಲಿ ಒಂದು ಮೆಟ್ಟಿಲನ್ನು ಮಕ್ಕಳಿಗೆ ಬಿಟ್ಟುಕೊಟ್ಟು, ಆ ವರ್ಷ ಓದಿದ ಒಂದು ಕಥೆಯನ್ನು ಅಲ್ಲಿ ಜೋಡಿಸಲು ಹೇಳಬಹುದು.

ಪುರಾಣದ ಜೊತೆಗೆ ಉಳಿದದ್ದೂ ಕಪಾಟಿನಲ್ಲಿ ಇರಲಿ. ಬಸವಣ್ಣ, ಅಕ್ಕಮಹಾದೇವಿಯರ ಸಣ್ಣ ವಚನಗಳು, ಪುರಂದರದಾಸರ ಪದಗಳು, ಶ್ರವಣಬೆಳಗೊಳದ ಬಾಹುಬಲಿಯ ಕಥೆ, ಬುದ್ಧನ ಬದುಕು, ಗುರು ಗೋವಿಂದಭಟ್ಟರ ಶಿಷ್ಯರಾದ ಶಿಶುನಾಳ ಶರೀಫರ ಹಾಡುಗಳು, ಅಜ್ಜಿಯರು ಹೇಳುವ ಜನಪದ ಕಥೆಗಳ ಸಂಗ್ರಹಗಳು ಇಲ್ಲದ ಕಪಾಟನ್ನು ಭಾರತೀಯ ಸಂಸ್ಕೃತಿಯ ಕಪಾಟೆಂದು ಕರೆಯುವುದು ಕಷ್ಟ.

ಕನ್ನಡ ಓದಲು ಬಾರದ ಮಕ್ಕಳಿಗೆ

ಹೊರರಾಜ್ಯಗಳಲ್ಲಿ, ವಿದೇಶಗಳಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡ ಮಾತು ಅರ್ಥವಾದರೂ ಲಿಪಿ ಬಾರದಿರಬಹುದು. ಅವರಿಗೆ ಲಿಪಿ ಕಲಿಯುವವರೆಗೆ ಕಥೆಯನ್ನು ತಡೆಹಿಡಿಯುವುದು ಸರಿಯಲ್ಲ. ಪುಸ್ತಕ ಇಂಗ್ಲಿಷಿನದಾಗಿದ್ದರೂ ಅದರ ಬಗ್ಗೆ ಮಾತುಕತೆ ಕನ್ನಡದಲ್ಲಿರಲಿ. ಸಂಬಂಧಸೂಚಕ ಪದಗಳನ್ನು, ಅಂದರೆ ದೊಡ್ಡಪ್ಪ, ಸೋದರಮಾವ, ಓರಗಿತ್ತಿ ಮುಂತಾದವನ್ನು ಕನ್ನಡದಲ್ಲಿಯೇ ಬಳಸಿ. ಮಹಾಭಾರತ ನೆಂಟಸ್ತಿಕೆಗಳ ಕಥೆಯಾದ್ದರಿಂದ ಇವು ತಾವಾಗಿ ಬಾಯಿಪಾಠವಾಗುತ್ತವೆ. ಊರಿನಲ್ಲಿರುವ ಅಜ್ಜ ಅಜ್ಜಿಯ ಬಳಿಯೂ ಅದೇ ಪುಸ್ತಕದ ಒಂದು ಪ್ರತಿ ಇರಲಿ. ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಎರಡೂ ಕಡೆ ಒಂದೇ ಪುಟ ತೆರೆದು, ಅವರು ಓದಲಿ, ಮಗು ಚಿತ್ರದಲ್ಲಿ ಹುಡುಕಲಿ. ಆ ಓದನ್ನು ಧ್ವನಿಮುದ್ರಿಸಿಕೊಂಡರೆ ಇತರ ರಾತ್ರಿಗಳಿಗೂ ಆಗುತ್ತದೆ. ಕನ್ನಡ ಕೂಟದ ತರಗತಿಗಳಿದ್ದರೆ ನಾಲ್ಕೈದು ಮನೆಗಳು ಸೇರಿ ಪುಸ್ತಕಗಳನ್ನು ಹಂಚಿಕೊಳ್ಳುವುದು ಖರ್ಚಿಗೂ ಒಳ್ಳೆಯದು, ಮಕ್ಕಳ ಮಾತಿಗೂ ಒಳ್ಳೆಯದು.

ಎಂಟನೆಯ ಹಂತ: ಹದಿಮೂರರ ನಂತರ

ಈ ವಯಸ್ಸಿನಲ್ಲಿ ಅನೇಕ ಮಕ್ಕಳು ಪುರಾಣವನ್ನು ಚಿಕ್ಕವರ ಓದೆಂದು ಬಿಟ್ಟುಬಿಡುತ್ತಾರೆ. ಅವರ ಕೈಯಲ್ಲಿ ಅದುವರೆಗೂ ಇದ್ದದ್ದು ಚಿಕ್ಕವರ ಪುಸ್ತಕಗಳೇ ಆದ್ದರಿಂದ ಅವರನ್ನು ದೂರುವಂತಿಲ್ಲ. ಈಗ ದೊಡ್ಡವರ ಪುಸ್ತಕಗಳು ಬೇಕು. ದೇವುಡು ನರಸಿಂಹಶಾಸ್ತ್ರಿಗಳ ‘ಮಹಾಕ್ಷತ್ರಿಯ’ದಲ್ಲಿ ಮನುಷ್ಯನಾದ ನಹುಷ ಇಂದ್ರಪದವಿಗೆ ಏರಿ ಬೀಳುತ್ತಾನೆ, ‘ಮಹಾದರ್ಶನ’ ಯಾಜ್ಞವಲ್ಕ್ಯರ ಬದುಕನ್ನು ಹೇಳುತ್ತದೆ. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಪ್ರಕಟವಾದ ನಾಟಕ. ತಂದೆಯ ಮುಪ್ಪನ್ನು ಮಗ ಹೊರಬೇಕೇ ಎಂಬ ಅದರ ಪ್ರಶ್ನೆ ಹದಿನೈದು ವರ್ಷದವರಿಗೆ ತಮ್ಮದೇ ಎನಿಸುತ್ತದೆ, ಮನೆಮಂದಿ ಪಾತ್ರಗಳನ್ನು ಹಂಚಿಕೊಂಡು ಗಟ್ಟಿಯಾಗಿ ಓದಲೂ ಅದು ಚೆನ್ನಾಗಿದೆ. ಎಸ್.ಎಲ್. ಭೈರಪ್ಪನವರ ‘ಪರ್ವ’ದಲ್ಲಿ ದೈವಿಕ ಪವಾಡಗಳೆಲ್ಲ ಕಳಚಿಬಿದ್ದು, ದಣಿದ, ಕಾಮ ಕ್ರೋಧಗಳುಳ್ಳ ಮನುಷ್ಯರು ಉಳಿಯುತ್ತಾರೆ. ಅದನ್ನು ಹದಿನಾರು ದಾಟಿದ ಮೇಲೆ, ತಂದೆಯೋ ತಾಯಿಯೋ ಸಮಾನಾಂತರವಾಗಿ ಓದುತ್ತಿರುವಾಗ ಕೊಡುವುದು ಉಚಿತ.

ಈ ಪುಸ್ತಕಗಳನ್ನು ಓದಲೇಬೇಕೆಂದು ಒತ್ತಾಯಿಸುವುದರಿಂದ ಫಲವಿಲ್ಲ. ನೀವು ಓದುತ್ತಿರುವ ಪ್ರತಿಯನ್ನು ಊಟದ ಮೇಜಿನ ಬಳಿ ಬಿಡಿ, ಒಂದು ಸನ್ನಿವೇಶದ ಬಗ್ಗೆ ನಿಮಗಿರುವ ನಿಜವಾದ ಅನುಮಾನವನ್ನು ಮಗನ ಅಥವಾ ಮಗಳ ಮುಂದಿಟ್ಟು ಅಭಿಪ್ರಾಯ ಕೇಳಿ, ಬಂದ ಉತ್ತರ ನಿಮ್ಮದಕ್ಕೆ ವಿರುದ್ಧವಾಗಿದ್ದರೆ ಆಧಾರವಾಗಿ ಪುಟ ತೋರಿಸಲು ಹೇಳಿ. ವಾದ ಗೆಲ್ಲಬೇಕೆಂಬ ಹಟದಿಂದಾದರೂ ಹದಿಹರೆಯದವರು ಆ ಪುಟದ ಹಿಂದುಮುಂದನ್ನು ಓದಿಕೊಂಡು ಬರುತ್ತಾರೆ.